ಹದಿನೇಳು ಸೆಕೆಂಡು

ಕುತಾಯಿಸಿಯ ಹೆರಿಗೆ ಆಸ್ಪತ್ರೆ, ಮೂರನೇ ಮಹಡಿ.
ಕ್ಯಾಮೆರಾ ಲೆವಾನನದು, ನೋಡುವುದು ಅವನ ಪಾಡು.
ನನ್ನದು ಸದ್ದು ಹಿಡಿಯುವ ಕೆಲಸ.
ಉದ್ದ ಕೋಲಿನ ತುದಿಗೆ ಒಂದು ಕಿವಿ ಕಟ್ಟಿಕೊಂಡು
ಮೂಲೆಯಲ್ಲಿ ನಿಂತಿರುತ್ತೇನೆ,
ರಿಯೋನಿ ಹೊಳೆಯ ದಂಡೆಯಲ್ಲಿ
ಗಾಳ ಹಿಡಿದು ಬೆಳಗು ಮಾಡುವ ಮುದುಕರ ಹಾಗೆ.

ನಸುಕಿನ ನಾಲ್ಕರಿಂದ ಸಿಕ್ಕಿದ್ದು ಇಷ್ಟು:
ರೇಡಿಯೇಟರಿನ ಗೊಣಗು.
ಸೂಲಗಿತ್ತಿ ಸಿಯೂರಿಯ ಚಪ್ಪಲಿ,
ಅದರಲ್ಲೂ ಎಡಗಾಲಿನದೇ ಕಿರಿಕಿರಿ.
ಸ್ಟೀಲ್ ತಟ್ಟೆಯಲ್ಲಿ ಕತ್ತರಿ ಮಗ್ಗುಲು ಬದಲಿಸಿದ್ದು.
ಹೊಟ್ಟೆಯ ಮೇಲಿಟ್ಟ ಯಂತ್ರದೊಳಗಿಂದ ಕೂಸಿನ ಎದೆಬಡಿತ,
ಒದ್ದೆ ನೆಲದ ಮೇಲೆ ಯಾರೋ
ಬರಿಗಾಲಲ್ಲಿ ಓಡುತ್ತ ಬರುತ್ತಿರುವಂತೆ.
ಮತ್ತೆ ಮಕ್ವಾಲಾ.

ಅವಳು ಕಿರುಚಲಿಲ್ಲ, ಬೈದಳು.
ಗಂಡನನ್ನು ಬೈದಳು, ಅತ್ತೆ ಮಾಡುವ ಅಕ್ರೋಟಿನ ಸಾರನ್ನು ಬೈದಳು,
ಲಿಫ್ಟು ಕೆಟ್ಟು ಮೆಟ್ಟಿಲು ಹತ್ತಿಸಿದವರನ್ನು,
ಕಡೆಗೆ ನನ್ನನ್ನೂ:
“ಆ ಕೋಲು ಅತ್ತ ತೆಗಿ, ಕೊಕ್ಕರೆ!”
ಬೇನೆ ಬಂದಾಗ ಬೈಗುಳ ಅರ್ಧಕ್ಕೇ ಮುರಿದು
ಹಲ್ಲಿನ ಸಂದಿಯಲ್ಲಿ ಸೀಳಿದ ಉಸಿರು.
ಮೀಟರಿನ ಹಸಿರು ಗೆರೆ ಏರಿ ಏರಿ ಕೆಂಪು ಮುಟ್ಟುತ್ತಿತ್ತು.
ನಾನು ಹೆಬ್ಬೆರಳಲ್ಲಿ
ಅವಳ ನೋವನ್ನು ಎರಡು ಗೆರೆ ಕೆಳಗಿಳಿಸುತ್ತಿದ್ದೆ.
ಹೇಳಲು ನಾಚಿಕೆ. ಕೆಲಸ ಅದೇ.

ಆರು ಹನ್ನೆರಡಕ್ಕೆ ಕೂಸು ಜಾರಿ ಬಂತು.
ನೀಲಿ.
ಹೊಕ್ಕುಳಬಳ್ಳಿ ಕೊರಳಿಗೆ ಎರಡು ಸುತ್ತು.
ಆಮೇಲೆ

ಏನೂ ಇಲ್ಲ.
ಹಸಿರು ಗೆರೆ ತಳಕ್ಕಿಳಿದು ಮಲಗಿತು.
ಚಪ್ಪಲಿ ನಿಂತಿತು. ಬೈಗುಳ ನಿಂತಿತು.
ಸಿಯೂರಿ ಸುತ್ತು ಬಿಡಿಸಿದಳು, ಬೆನ್ನು ಉಜ್ಜಿದಳು,
ಅಂಗಾಲಿಗೆ ಬೆರಳು ಚಿಮ್ಮಿಸಿದಳು,
ಒಂದಕ್ಕೂ ಸದ್ದಿಲ್ಲ.
ಕೆಳಗೆ ಅಂಗಳದಲ್ಲಿ,
ಗಂಡಸರು ಕಿಟಕಿಗೆ ಮುಖವೆತ್ತಿ ಕಾಯುವ ಕಡೆ,
ಯಾರೋ ಬೆಂಕಿಕಡ್ಡಿ ಗೀರಿದ್ದು ಕೇಳಿಸಿತು ನನಗೆ.
ಮೂರು ಮಹಡಿ, ಮುಚ್ಚಿದ ಗಾಜು, ಸಾಧ್ಯವೇ ಇಲ್ಲ ಎಂದ ಲೆವಾನ.
ರೆಕಾರ್ಡಿಂಗಿನಲ್ಲೂ ಇಲ್ಲ.
ಕೇಳಿಸಿದ್ದಂತೂ ನಿಜ.

ಹದಿನೇಳನೇ ಸೆಕೆಂಡಿಗೆ
ಎಷ್ಟೋ ವರ್ಷ ಎಣ್ಣೆ ಕಾಣದ ತಿರುಗಣಿ ತಿರುಗಿದಂತೆ
ಒಂದು ಸಣ್ಣ, ಸಿಟ್ಟಿನ, ಹಸಿ ಸದ್ದು.

ಟಿಬಿಲಿಸಿಯಲ್ಲಿ ದಾರೆಜಾನ್ ಸಂಕಲನಕ್ಕೆ ಕೂತಳು.
“ಇಷ್ಟು ಮೌನ ಟೀವಿ ತಡೆಯದು ಕಣೇ,
ಸೆಟ್ಟು ಕೆಟ್ಟಿತೆಂದು ಜನ ಎದ್ದು ಹೋಗಿ ತಟ್ಟುತ್ತಾರೆ.”
ಮೂರು ಸೆಕೆಂಡು ಉಳಿಸಿ
ಅದರಡಿಗೆ ಮೆತ್ತಗೆ ಪಿಯಾನೊ ಹಾಸಿದಳು.
ಕೆಟ್ಟವಳೇನಲ್ಲ. ಇಬ್ಬರನ್ನು ಹೆತ್ತವಳೇ.

ನಾಲ್ಕು ತಿಂಗಳಿಗೆ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ತೋರಿಸಿದೆವು.
ನರ್ಸುಗಳು ಅತ್ತರು, ಚಪ್ಪಾಳೆ ತಟ್ಟಿದರು.
ಸಿಯೂರಿ ತನ್ನ ದನಿ ಕೇಳಿ
“ಇಷ್ಟು ಗಡಸೇ?” ಎಂದು ಮುನಿದಳು.
ಮಕ್ವಾಲಾ ಮಾತ್ರ ಕೂಸನ್ನು ಸೊಂಟಕ್ಕೇರಿಸಿ
ನೇರ ನನ್ನ ಹತ್ತಿರ ಬಂದಳು.

“ಅದೆಲ್ಲಿ?”
“ಯಾವುದು?”
“ಇವಳು ಬಂದೂ ಬಾರದೆ ಇದ್ದಳಲ್ಲ, ಆ ಹೊತ್ತು.
ನೋವು ಮರೆತೆ. ನಿನ್ನ ಕೋಲನ್ನೂ ಮರೆತೆ.
ನನ್ನ ಬಳಿ ಉಳಿದಿರುವುದು ಅದೊಂದೇ,
ಅದನ್ನೇ ಕಿತ್ತುಕೊಂಡರಲ್ಲ.”

ವ್ಯಾನಿನ ಬಾಗಿಲು ಎಳೆದು
ನನ್ನ ಹೆಡ್‌ಫೋನು ಅವಳ ಕಿವಿಗಿಟ್ಟೆ.
ಈಗ ಕೇಳುವವಳು ಅವಳು,
ಅವಳ ಮುಖ ನೋಡುತ್ತ ಎಣಿಸುವವಳು ನಾನು.
ಐದು. ಆರು.
ಒಂಬತ್ತಕ್ಕೆ ಉಸಿರು ಬಿಗಿಹಿಡಿದಳು.
ಹನ್ನೊಂದಕ್ಕೆ ಕೂಸನ್ನು.
ಹದಿನಾಲ್ಕಕ್ಕೆ ಕೂಸು ಕೈಚಾಚಿ ವೈರು ಜಗ್ಗಿತು,
ಪಿನ್ನು ಕಳಚಿತು.

ಅವಳಿಗೆ ತಿಳಿಯಲಿಲ್ಲ.
ಕಣ್ಣು ಮುಚ್ಚಿ ಕಾಯುತ್ತಲೇ ಇದ್ದಳು,
ಹದಿನೆಂಟು, ಇಪ್ಪತ್ತು, ಇಪ್ಪತ್ತಮೂರು.

ಕಳಚಿದ ತುದಿ
ಕೂಸಿನ ಬಾಯಲ್ಲಿತ್ತು.