ಲೆನ್ಸ್ ಇಲ್ಲ

ಗುಂಡಿ ಒತ್ತಿದರೆ ಪರದೆಯ ಮೇಲೆ ಮೂಡುವ ಮೊದಲ ಮಾತು:
'ಲೆನ್ಸ್ ಇಲ್ಲ.'
ಇದೆಯಲ್ಲೋ, ಎನ್ನುತ್ತೇನೆ.
ಅರ್ಧ ಕಿಲೋ ಗಾಜು ನಿನ್ನ ಮೂತಿಗೇ ಕೂತಿದೆ,
ಕಪ್ಪೆಗಣ್ಣಿನ ಹಾಗೆ ಉಬ್ಬಿಕೊಂಡು.
ಕ್ಯಾಮೆರಾ ಒಪ್ಪುವುದಿಲ್ಲ. ಅದು ಜಪಾನಿನದು,
ತನ್ನ ಮನೆಯವರನ್ನಷ್ಟೇ ಹೆಸರು ಹಿಡಿದು ಕರೆಯುತ್ತದೆ.
ಗಾಜು ಜರ್ಮನಿಯದು, ನನಗಿಂತ ಎರಡು ವರ್ಷ ಹಿರಿಯದು,
ಸೆದೊಫೈಟ ಬೀದಿಯ ಅಂಗಡಿ ಕದ ಹಾಕಿದ ದಿನ
ಡ್ರಾಯರಿನ ತಳದಲ್ಲಿ ಸಿಕ್ಕಿದ್ದು,
ಮುಚ್ಚಳವಿಲ್ಲದೆ, ಒಂಟಿ ಕಾಲುಚೀಲದೊಳಗೆ.

ನಡುವಿನ ಉಂಗುರ ಬೆಲ್ಮೀರೊ ಕಡೆದದ್ದು.
ಹೊಲಿಗೆಯಂತ್ರ ರಿಪೇರಿಯವನು, ಬೊನ್ಫಿಂ ಕಡೆಯವನು.
ಲೇತಿನಿಂದ ಅಲ್ಯೂಮಿನಿಯಂ ಸುರುಳಿ ಸುರುಳಿ ಕಳಚುವಾಗ
ನಾನಂದೆ, ಎರಡು ಕಂಪನಿಗೂ ಮದುವೆ ಮಾಡಿಸುತ್ತಿದ್ದೀಯ.
ಕನ್ನಡಕದ ಮೇಲಿಂದ ನೋಡಿದ.
'ಮದುವೆಯಲ್ಲ ಹುಡುಗಿ. ಇದರ ಕೆಲಸ ಕೂಡಿಸುವುದಲ್ಲ,
ದೂರ ಕಾಯುವುದು.
ಇಷ್ಟೇ ದೂರ. ಕೂದಲೆಳೆ ಹೆಚ್ಚಲ್ಲ, ಕೂದಲೆಳೆ ಕಡಿಮೆಯಲ್ಲ.'

ಕೂದಲೆಳೆ ಕಡಿಮೆಯಾಯಿತು.
ಹಾಗಾಗಿ ನನ್ನ ಲೆನ್ಸಿನಲ್ಲಿ ಅನಂತ
ಅನಂತದ ಗುರುತಿಗಿಂತ ಮೊದಲೇ ಬಂದುಬಿಡುತ್ತದೆ.
ಎರಡು ಮೀಟರಿಗೆ ತಿರುಗಿಸಿದರೆ ದೋರು ನದಿಯ ಆಚೆ ದಡ
ಹೆಂಚು ಹೆಂಚಾಗಿ ಕಾಣುತ್ತದೆ.
ಗುರುತಿನವರೆಗೂ ಹೋದರೆ ಎಲ್ಲ ಮಂಜು.
ಇನ್ನೂ ಮುಂದಿದೆ ಎನ್ನುವಷ್ಟರಲ್ಲಿ ದಾಟಿಹೋಗಿರುತ್ತದೆ.
ಬೆರಳಿಗೀಗ ಅಭ್ಯಾಸವಾಗಿದೆ.

ನನ್ನ ಹೊಟ್ಟೆಪಾಡು ಮಾರಾಟಕ್ಕಿಟ್ಟ ಮನೆಗಳ ಪಟ.
ಪೋರ್ತೊದಲ್ಲಿ 'ಇಲ್ಯಾ' ಅನ್ನುತ್ತಾರೆ, ದ್ವೀಪ ಎಂದು ಅರ್ಥ,
ದೊಡ್ಡ ಮನೆಗಳ ಹಿತ್ತಿಲಲ್ಲಿ ಗಿರಣಿಯವರಿಗೆಂದು ಕಟ್ಟಿದ
ಒಂದೊಂದು ಕೋಣೆಯ ಸಾಲು. ಸುತ್ತ ನೀರಿಲ್ಲ, ಗೋಡೆ.
ಓಣಿ ಎಷ್ಟು ಕಿರಿದೆಂದರೆ
ಎದುರುಬದುರಾದವರಲ್ಲಿ ಒಬ್ಬರು
ಯಾರದೋ ಹೊಸ್ತಿಲು ಹತ್ತಲೇಬೇಕು.
ಏಜೆನ್ಸಿಯದು ಒಂದೇ ವರಾತ: ಅಗಲ, ಇನ್ನೂ ಅಗಲ.
ಮೂಲೆಗೆ ಬೆನ್ನೊತ್ತಿ, ಉಸಿರು ಹಿಡಿದು,
ಬೂಟಿನ ತುದಿ ಪಟದೊಳಗೆ ನುಗ್ಗದಂತೆ ಹಿಂದೆಳೆದು
ಒತ್ತುತ್ತೇನೆ. ಒಂದು ಮಾರಿನ ಅಡುಗೆಮನೆ
ಹತ್ತು ಜೋಡಿ ಕುಣಿಯುವ ಅಂಗಳ.
ನಲ್ಲಿ ಬಾಗಿಲಿಂದ ಓಡಿಹೋಗುತ್ತದೆ.
ಅಂಚಿನ ಬಾಣಲೆ ದೋಣಿಯಾಗುತ್ತದೆ.
ನಾಲ್ಕು ಮೂಲೆಗೂ ನೇರಳೆ ಕಲೆ,
ಹಣ್ಣು ತಿಂದು ಸಿಕ್ಕಿಬಿದ್ದ ಮಗುವಿನ ನಾಲಿಗೆ.
ಕಲೆಯನ್ನು ಕಂಪ್ಯೂಟರಿನಲ್ಲಿ ಒರೆಸುತ್ತೇನೆ. ಅಗಲವನ್ನು ಹಾಗೇ ಬಿಡುತ್ತೇನೆ.

ನಿನ್ನೆ ಏಳನೇ ನಂಬರು.
ಜುಲ್ಮೀರಾ ರಾತ್ರಿಪಾಳಿ ಮುಗಿಸಿ ಬಂದಿದ್ದಳು,
ಬಸ್ ಡಿಪೋದ ಕೇಸರಿ ಅಂಗಿಯಲ್ಲೇ ಇದ್ದಳು.
ತಿಂಗಳ ಕೊನೆಗೆ ಬಿಡಬೇಕು. ನನಗೆ ಗೊತ್ತಿತ್ತು.
ಗೊತ್ತಿದೆಯೆಂದು ಅವಳಿಗೂ ಗೊತ್ತಿತ್ತು.
'ಒಲೆ ಒರೆಸಲೇ?' ಎಂದಳು.
ಆಮೇಲೆ ಬಂದು ಪರದೆ ನೋಡಿದಳು, ಬಹಳ ಹೊತ್ತು.
'ಇಷ್ಟೆಲ್ಲ ಜಾಗ ಇತ್ತೇ?
ಹದಿನಾಲ್ಕು ವರ್ಷ ಮೊಣಕೈ ಮಡಚಿಕೊಂಡೇ ಬೇಯಿಸಿದೆನಲ್ಲ,
ಒಬ್ಬರೂ ಹೇಳಲಿಲ್ಲ ನೋಡು.'
ನಕ್ಕಳು. ನಾನು ನಗಲೋ ಬೇಡವೋ ಎಂದು ನಿಂತೆ.

ನನ್ನದೊಂದು ತೆಗಿ ಎಂದಳು, ಇಲ್ಲೇ.
ನಡುವೆ ನಿಲ್ಲು ಎಂದೆ. ಅಂಚಿಗೆ ಸರಿದವರ ಮುಖವನ್ನು
ಈ ಗಾಜು ಹಿಟ್ಟಿನ ಹಾಗೆ ಎಳೆಯುತ್ತದೆ.
ನಡುವೆ ನಿಂತಳು. ಹೆಬ್ಬೆರಳಷ್ಟಾದಳು.
ಹತ್ತಿರ ಬಾ ಎಂದೆ. ಇನ್ನೂ.
ಇನ್ನೂ.
ಕೋಣೆಗಳನ್ನು ಊದಿಸುವ ಇದಕ್ಕೆ ಮನುಷ್ಯರು ಕಾಣಬೇಕಾದರೆ
ಉಸಿರು ತಾಗುವಷ್ಟು ಬಳಿ ಬರಬೇಕು.
ಬಂದಳು. ಡೀಸೆಲ್ಲಿನ ವಾಸನೆ, ನಿಂಬೆ ಸೋಪಿನದು.
ಹಿಂದೆ ಒಲೆ, ಕಿಟಕಿ, ಹಗ್ಗದ ಮೇಲೆ ಎರಡು ಜೊತೆ ಕೈಗವಸು,
ಮೊದಲ ಸಲ ತಮ್ಮ ತಮ್ಮ ಅಳತೆಗೆ ಕುಗ್ಗಿ.

ಏಜೆನ್ಸಿಗೆ ಆರು ಪಟ ಹೋಯಿತು. ಏಳನೆಯದು ಅವಳ ಫೋನಿಗೆ.
ರಾತ್ರಿ ಅದರ ವಿವರ ತೆರೆದು ನೋಡಿದೆ:
ತಾರೀಕಿದೆ, ಗಂಟೆಯಿದೆ, ಕ್ಯಾಮೆರಾದ ಹೆಸರಿದೆ.
ಲೆನ್ಸಿನ ಮುಂದೆ ಅಡ್ಡಗೆರೆ. ಕಿಂಡಿಯ ಅಳತೆ ಸೊನ್ನೆ.
ಬೆಳಕು ಎಲ್ಲಿಂದಲೂ ಬಂದಿಲ್ಲ.
ನಿದ್ದೆಯಿಲ್ಲದ ಎರಡು ಕಣ್ಣು ಮಾತ್ರ ಚೂಪಾಗಿ ನೋಡುತ್ತಿವೆ,
ಮತ್ತೆ ಎಡಮೂಲೆಯಲ್ಲಿ,
ಒರೆಸಲು ಮರೆತ ಆ ನೇರಳೆಯೊಳಗೆ,
ಉಂಗುರ ತಿರುಗಿಸುತ್ತಿರುವ ನನ್ನದೇ ಬೆರಳ ತುದಿ.