ಕೋಟೆ ಐದು

ಪೆಟ್ಟಿಗೆಯ ಮೇಲೆ ಬೇರೇನೋ ಹೆಸರಿತ್ತು.
ನಾವು ಐವರು ಕರೆದದ್ದು ಕೋಟೆ.
ಕಂಕನಾಡಿಯ ಸೈಬರ್ ಕೆಫೆ, ಗಂಟೆಗೆ ಇಪ್ಪತ್ತು ರೂಪಾಯಿ.
ಕರೆಂಟು ಹೋದರೆ ಮಾಲೀಕ ಫೆಲಿಕ್ಸರು
ಉಳಿದ ಅರ್ಧ ಗಂಟೆಯನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದರು,
ಮುಳುಗಿದ ರಾಜ್ಯಕ್ಕೆ ಪರಿಹಾರ ಕೊಟ್ಟಂತೆ.

ಕೋಟೆ ಒಂದು, ಎರಡು, ಮೂರು.
ನಾಲ್ಕು ಬರುವಾಗ ಇಬ್ಬರಿಗೆ ಮದುವೆಯಾಗಿತ್ತು.
ಐದಕ್ಕೆ ಹನ್ನೊಂದು ವರ್ಷ ಕಾದೆವು.

ಇವತ್ತು ಜೆಪ್ಪುವಿನ ಹೋಟೆಲು, ಒಳಗಿನ ಮೇಜು.
ಮೇ ತಿಂಗಳ ಕೊನೆಯ ಸೆಕೆ, ಮೇಲೆ ಬಿಸಿ ಗೋಳಿಬಜೆ.
ಮೊದಲು ಬಾಯಿಬಿಟ್ಟವನು ಲೋಹಿತಾಶ್ವ ಪುತ್ರನ್,
ಧಕ್ಕೆಯಲ್ಲಿ ಎರಡು ಬೋಟಿನ ಲೆಕ್ಕ ಬರೆಯುವವನು:
"ಹಡಗು ಗಾಳಿಯನ್ನು ಕೇಳುವುದೇ ಇಲ್ಲ ಮಾರಾಯ.
ಒತ್ತಿದರೆ ಹೊರಟಿತು, ಒತ್ತಿದರೆ ಮುಟ್ಟಿತು,
ಆಟಿಯಲ್ಲಿಯೂ ಅಳಿವೆ ದಾಟುತ್ತದೆ!
ಮೂರರಲ್ಲಿ ನೆನಪುಂಟಾ, ನಾಲ್ಕು ತಿಂಗಳು
ಬಂದರಲ್ಲೇ ಕಟ್ಟಿಹಾಕಿ
ನಾವಿಕರ ಕೈಲಿ ಹಗ್ಗ ಹೊಸೆಸಿದ್ದು?
ಆ ಹಗ್ಗವೇ ಆಮೇಲೆ ಮುತ್ತಿಗೆಗೆ ಆದದ್ದು."

"ಹಗ್ಗ ಈಗ ಆಟದೊಳಗಿನ ಅಂಗಡಿಯಲ್ಲಿ ಸಿಗುತ್ತದೆ,"
ಎಂದಳು ಮಂದಾಕಿನಿ ಶೆಣೈ, "ನಿಜವಾದ ದುಡ್ಡಿಗೆ.
ಮಾರಿಗೆ ತೊಂಬತ್ತೊಂಬತ್ತು."
ಬ್ಯಾಂಕಿನಲ್ಲಿ ಅಡವಿನ ಚಿನ್ನ ತೂಗುವವಳು,
ಅವಳು ಹೇಳಿದ ಮೇಲೆ ಯಾರೂ ಮರುತೂಕ ಕೇಳುವುದಿಲ್ಲ.

ಸಫ್ವಾನನಿಗೆ ಶತ್ರುವಿನ ಮೇಲೆಯೇ ಸಿಟ್ಟು.
"ಅವನ ಊರು ಸುಟ್ಟೆ. ಎರಡು ಸರದಿ ಕಳೆದು
ಮಗಳ ಮದುವೆಗೆ ಕರೆದ!
ಹಗೆಯೇ ಇಲ್ಲದವನ ಹತ್ತಿರ
ರಾಜಿ ಮಾಡುವುದು ಎಂತಕ್ಕೆ?"

"ನೀರು ಚಂದ ಉಂಟು," ಎಂದ ಅವಿಲ್ ಕ್ರಾಸ್ತ,
ಯಾರ ಪರವಾದರೂ ಒಂದು ಮಾತು ಆಡುವವನು.
"ಸಂಜೆಯ ಬೆಳಕು ಥೇಟ್ ತಣ್ಣೀರುಬಾವಿ."
ಅದಕ್ಕೆ ಉತ್ತರವಿಲ್ಲ. ಚಂದವೇ.
ನಾನೂ ಒಂದು ರಾತ್ರಿ ಮೂರು ಗಂಟೆ
ಏನೂ ಮಾಡದೆ ಆ ಸೂರ್ಯ ಮುಳುಗುವುದನ್ನೇ ನೋಡಿದೆ.
ಆಗಲೂ ಗೆದ್ದೆ.

ಗೋಳಿಬಜೆ ಮುರಿದೆ. ಚೆನ್ನಾಗಿ ಉಬ್ಬಿತ್ತು.
ಶುಂಠಿಯಿಲ್ಲ, ತೆಂಗಿನ ಚೂರಿಲ್ಲ, ಒಳಗೆ ಬರೀ ಗಾಳಿ.
ಎಲ್ಲರೂ ನೋಡಿದರು, ಯಾರೂ ಏನೂ ಹೇಳಲಿಲ್ಲ.

ಕೋಟೆ ಎರಡರಲ್ಲಿ ನನ್ನ ಊರಿನ ಹೆಸರು ಬೋಳಾರ.
ಏಳು ಬುರುಜು, ಗೋದಾಮಿನ ಸೂರಿನ ತನಕ ಅಕ್ಕಿ.
ಉಪ್ಪು ಮರೆತಿದ್ದೆ.
ಮೀನು ಕೊಳೆಯಿತು, ಕಾವಲಿನವರು
ಒಬ್ಬೊಬ್ಬರಾಗಿ ಗೋಡೆ ಇಳಿದುಹೋದರು,
ಒಂದು ಬಾಣವನ್ನೂ ಬಿಡದೆ ಮಂದಾಕಿನಿ
ಬಾಗಿಲಲ್ಲಿ ಬಂದು ನಿಂತಳು.
ಇಪ್ಪತ್ತು ವರ್ಷವಾಯಿತು.
ಇಂದಿಗೂ ದಿನಸಿ ಅಂಗಡಿಯ ಮುಂದೆ ನಿಂತು
ಮನೆಗೆ ಫೋನು ಮಾಡುತ್ತೇನೆ: ಉಪ್ಪು ಉಂಟಾ?

ಐದರಲ್ಲಿ ಉಪ್ಪೇ ಇಲ್ಲ.
ಪಟ್ಟಿಯಿಂದ ತೆಗೆದಿದ್ದಾರೆ,
ಆಡುವವರಿಗೆ ಬೇಜಾರಾಗುತ್ತದಂತೆ.

ಗೆದ್ದದ್ದು ಎಷ್ಟು ಎಂದು ಲೆಕ್ಕ ಹಾಕಿದೆವು.
ಐವರದ್ದು ಸೇರಿ, ಈ ಮೂರು ವಾರದಲ್ಲಿ, ಅರವತ್ತೆರಡು.
ಒಂದನ್ನಾದರೂ ಕತೆಯಾಗಿ ಹೇಳಲು ಬರಲಿಲ್ಲ.

ಸಫ್ವಾನನ ಮಗಳು ನಿಹಾಲಾ, ಹನ್ನೆರಡು ತುಂಬಿಲ್ಲ,
ಮೇಜಿನ ತುದಿಯಲ್ಲಿ ಲಿಂಬೆ ಶರಬತ್ತು ಹೀರುತ್ತ
ಅಷ್ಟೂ ಹೊತ್ತು ಕೇಳಿಸಿಕೊಂಡಿದ್ದಳು:
"ನನಗೆ ಇಷ್ಟ ಆಯಿತು.
ನಿಮಗೆ ಸೋಲಬೇಕಾದರೆ ಸೋಲಿ,
ಯಾರು ಬೇಡ ಅಂದದ್ದು?"

ನೋಡಿದ್ದೇವೆ ಮಗಳೇ, ಅದನ್ನೂ.
ಹೆಬ್ಬಾಗಿಲು ತೆರೆದಿಟ್ಟು, ಸೈನ್ಯಕ್ಕೆ ರಜೆ ಕೊಟ್ಟು,
ಬೊಕ್ಕಸವನ್ನು ಹೊಳೆಗೆ ಸುರಿದು ಕಾದೆವು.
ಮೂಲೆಯಿಂದ ಒಬ್ಬ ಮಂತ್ರಿ ಬಂದು
ನಗುನಗುತ್ತ ಕೇಳಿದ: ಸಹಾಯ ಬೇಕೆ?

ಅವಳಿಗೆ ನಗು ಬಂತು. ನಮಗೆ ಆಮೇಲೆ.

"ಆರು ಬರುವಾಗ ಸರಿ ಮಾಡುತ್ತಾರೆ," ಎಂದ ಅವಿಲ್.
ಮಾಡುತ್ತಾರೆ, ಎಂದೆವು,
ಮುಂಗಡ ಕಟ್ಟಿಯೇ ತೀರುವವರ ಮುಖದಲ್ಲಿ.

ಬಿಲ್ಲು ಕೊಟ್ಟು ಹೊರಗೆ ಬಂದರೆ ಗಾಳಿ ತಿರುಗಿತ್ತು.
ಲೋಹಿತಾಶ್ವ ಸ್ಕೂಟರಿನ ಕೀಲಿ ಕೈಯಲ್ಲಿ ಹಿಡಿದು
ಪಡುವಣಕ್ಕೆ ಮೂಗೆತ್ತಿದ.
"ನಾಳೆಯಿಂದ ಎರಡು ತಿಂಗಳು ಬೋಟು ಇಳಿಸುವ ಹಾಗಿಲ್ಲ.
ಬೆಳಿಗ್ಗೆ ಬೇಗ ಹೋಗಬೇಕು," ಎಂದ,
"ಹಗ್ಗ ನೋಡಬೇಕು."