ಹತ್ತು ಚೀಲದ ಹೊತ್ತು

ಬ್ಯಾಡಗಿ ಮಾರ್ಕೆಟ್ಟಿನ್ಯಾಗ ಯಾರ ಕೆಮ್ಮಿದ್ರೂ
ಯಾರೂ ಹೊಳ್ಳಿ ನೋಡೂದಿಲ್ಲ.
ಕೆಮ್ಮು ಇಲ್ಲೆ ನಮಸ್ಕಾರ ಇದ್ದಂಗ.
ಹಮಾಲರು ಕೆಮ್ಮತಾರ, ದಲಾಲರು ಕೆಮ್ಮತಾರ,
ಟೆಂಡರ್ ಚೀಟಿ ಬರಿಯೂ ಹುಡುಗ ಕೆಮ್ಮತಾನ,
ಹೊರಗಿನ ಲಾರಿ ಕ್ಲೀನರ್ ಅಂತೂ
ಗೇಟಿನ್ಯಾಗ ಕಾಲಿಟ್ಟ ಗಳಿಗಿಗೇ.
ಅಷ್ಟು ಕೆಮ್ಮಿನ ಗದ್ದಲದಾಗ ನನ್ನ ಬೀಡಿ ಕೆಮ್ಮು
ಇಪ್ಪತ್ತಾರು ವರ್ಷ ಅಡಗಿ ಕುಂತಿತ್ತು,
ಮೆಣಸಿನಕಾಯಿ ಹೆಸರು ಹೇಳಿಕೊಂಡು.

ಹಾವೇರಿ ಡಾಕ್ಟರು ಎದಿ ಫೋಟೋ ಬೆಳಕಿಗೆ ಹಿಡದು
"ಇದು ಕಾಯಿದಲ್ಲ" ಅಂದ್ರು.
ಅಷ್ಟ ಅಂದ್ರು.

ಬಿಟ್ಟು ಇವತ್ತಿಗೆ ಹತ್ತೊಂಬತ್ತು ದಿನ.
ಬಿಟ್ಟೆ ಅಂದದ್ದು ಬಾಯಿ. ಕೈಗೆ ಇನ್ನೂ ಸುದ್ದಿ ಮುಟ್ಟಿಲ್ಲ.
ಚಾದ ಕಪ್ಪು ಕೆಳಗಿಟ್ಟ ಕೂಡ್ಲೆ
ತಾನ ಎದ್ದು ಎಡಗಿಸೇಕ ಹೋಗತೈತಿ,
ಊರು ಬಿಟ್ಟವರ ಮನಿ ಬಾಗಲಾ ಬಡದಂಗ.
ಒಳಗ ಬೆಂಕಿಪೆಟ್ಟಿಗಿ ಐತಿ, ಅಲ್ಲಾಡಿಸಿದ್ರ ಸಪ್ಪಳಾನೂ ಐತಿ.
ಕಡ್ಡಿ ಅಲ್ಲ, ಬಡೇಸೋಪು, ನಾಕ ಲವಂಗ.
ಪುಟ್ಟವ್ವ ತುಂಬ್ಯಾಳ. ಮಾತಾಡದ ತುಂಬ್ಯಾಳ.
ಮಾತಾಡಿದ್ರ ಜಗಳಾಗತಿತ್ತು.

ಹಸಿವು ಹೊಟ್ಟ್ಯಾಗಿಂದ ಬರತೈತಿ, ನಿದ್ದಿ ಕಣ್ಣಾಗಿಂದ.
ಇದಕ್ಕ ಒಂದು ಊರಂತ ಇಲ್ಲ.
ಹಲ್ಲಿನ ಬುಡಕ್ಕ, ಮೊಣಕಾಲ ಹಿಂದಿನ ನರಕ್ಕ,
ಕಡೀಕ ಲೆಕ್ಕದ ವಹಿಗೂ ಬಂದು ಕುಂಡರತೈತಿ.
ಎಪ್ಪತ್ತೆಂಟಕ್ಕ ಒಂಬತ್ತು, ನಿನ್ನೆ ಮೂರು ಸಲ ಕೂಡಿಸಿದೆ,
ಮೂರು ಉತ್ತರ ಬಂದ್ವು.

ಆಗ ಎದ್ದು ಕಾಟಾದ ಹತ್ರ ಹೋಗಿ ನಿಂದ್ರತೇನಿ.
ಗುಡ್ಡಪ್ಪ ಚೀಲ ಎತ್ತಿ ಇಡತಾನ, ನಾ ಎಣಸತೇನಿ.
ನಾಕನೇ ಚೀಲಕ್ಕ ಗಂಟಲು ಕೇಳತೈತಿ,
ಆರಕ್ಕ ಬೇಡತೈತಿ,
ಏಳಕ್ಕ ಹಡದವ್ವನ ಆಣಿ ಹಾಕತೈತಿ:
ಒಂದ. ಒಂದ ಬೀಡಿ. ಹೋಗಲಿ, ಅರ್ಧಾ.
ಒಂಬತ್ತಕ್ಕ ಸುಮ್ಮನಾಗತೈತಿ.
ಹತ್ತು ಚೀಲ ತೂಗೂದ್ರಾಗ ಎದ್ದು ಹೋಗಿರತೈತಿ.
ಬಾಕಿ ಇಟ್ಟ ಹೋಗತೈತಿ, ಆ ಮಾತು ಬ್ಯಾರೆ.

ಖರೇ ಹೇಳಬೇಕಂದ್ರ
ಬೀಡಿಗಿಂತ ಹೆಚ್ಚು ನೆನಪಾಗೂದು ಬೆಂಕಿ.
ಗುಡ್ಡಪ್ಪ ಬಗ್ಗಿ ನನ್ನ ಬೀಡಿ ತುದಿಗೆ ತನ್ನ ತುದಿ ಹಚ್ಚಾಂವ,
ಆ ಒಂದ ಉಸಿರಿನ್ಯಾಗ
ಅಂವ ಹಮಾಲ ಅಲ್ಲ, ನಾ ದಿವಾನಜಿ ಅಲ್ಲ.
ಈಗ ಗೋಡೌನ್ ಹಿಂದ ಹೋಗಿ, ಗಾಳಿ ಯಾವ ಕಡೆ ಅಂತ ನೋಡಿ,
ನನಗ ಬೆನ್ನ ಮಾಡಿ ಸೇದತಾನ.
ಬಾಯಿ ಮುಕ್ಕಳಿಸಿ ಬಂದು ಮಾತಾಡತಾನ.
ಇಷ್ಟು ದೊಡ್ಡ ಮರ್ಯಾದಿ ನನಗ ಯಾರೂ ಕೊಟ್ಟಿರಲಿಲ್ಲ.
ಇಷ್ಟು ದೂರಾನೂ.

ಮೊನ್ನೆ ಕನಸಿನ್ಯಾಗ ಸೇದಿಬಿಟ್ಟೆ.
ಎದ್ದು ಕುಂತು ಅಂಗೈ ಮೂಸಿ ನೋಡಕೊಂಡೆ, ಕಳ್ಳನಂಗ.
"ಏನಾತು?" ಅಂದ್ಲು ಕತ್ತಲ್ಯಾಗ.
"ಏನಿಲ್ಲ, ಲೆಕ್ಕ ತಪ್ಪಿತ್ತು."

ಇವತ್ತು ಟೆಂಡರ್.
ಮೋಟೆಬೆನ್ನೂರ ಕಡಿಂದ ಒಬ್ಬ ಹೆಣ್ಣಮಗಳು
ಎರಡು ಚೀಲ ಡಬ್ಬಿಕಾಯಿ ತಂದಿದ್ಲು.
ಒಂದು ಕಾಯಿ ತೊಟ್ಟು ಮುರದು ಮೂಗಿಗೆ ಹಿಡದೆ.
ದಿನಾ ಹಿಡೀತೇನಿ. "ವಾಸನಿ ಚಲೋ ಐತಿ" ಅಂತೇನಿ.
ಅದು ಬಾಯಿ ರೂಢಿ, ನಾ ನೋಡತಿದ್ದದ್ದು ಬರೇ ಬಣ್ಣ.
ಇವತ್ತು ವಾಸನಿ ಬಂತು.
ಖಾರದ್ದಲ್ಲ. ಮುಚ್ಚಿದ ಅಡಕಲಗಡಿಗ್ಯಾಗ
ಹಳೇ ಬೆಲ್ಲ ಇಟ್ಟು ಮರತಿದ್ರಂತ,
ಯಾರೋ ಈಗ ಮುಚ್ಚಳ ತಗದ್ರಂತ, ಹಂಗ.

"ಯಾಕ್ರಿ ಅಣ್ಣಾರ, ಕಾಯಿ ಕೆಟ್ಟಾವೇನ್ರಿ?"
ಹೆದರಿ ಕೇಳಿದ್ಲು. ನನ್ನ ಕಣ್ಣಾಗ ನೀರು.
ಉತ್ತರ ಕೊಡಬೇಕಂದ್ರ ಕೆಮ್ಮು ಬಂತು.
ಇದು ಮಾತ್ರ ಕಾಯಿದು.
"ಇಲ್ಲವ್ವಾ, ಘಾಟು" ಅಂದೆ, "ಮಾಲು ಚಲೋ ಐತಿ."
ಜೀವಮಾನದಾಗ ಮೊದಲನೇ ಸಲ
ಗೊತ್ತಿದ್ದ ಹೇಳಿದೆ.

ಆಮ್ಯಾಲ ಆ ಕಾಯಿನ್ನ
ಅದ ಎರಡು ಬೆರಳಿನ ನಡುವ ಹಿಡಕೊಂಡು
ಎಷ್ಟೊತ್ತು ನಿಂತಿದ್ನೋ ಏನೋ.
ದೂರಿಂದ ಗುಡ್ಡಪ್ಪ ನೋಡಿ ನಕ್ಕ,
ಹನ್ನೊಂದನೇ ಚೀಲ ಕಾಟಾದ ಮ್ಯಾಲ ಒಗದ.